ಒಂದು ದಿನದ ಮಳೆ ನೋಡಿ ವರ್ಷದ ಇಂಚು ಬರೆಯೋದಾ?

ಬೆಳಿಗ್ಗೆ ವಾಟ್ಸ್‌ಆ್ಯಪ್ ತೆಗೆದರೆ ಗುಂಪಿನಲ್ಲಿ ಒಬ್ಬ ಮಹನೀಯರ ತೀರ್ಪು ಬಂದು ಕೂತಿದೆ. ‘ಸರ್ಫಿಂಗ್‌ನಲ್ಲಿ ಫೈನಲ್ಸ್ ಡೇ ತೆಗೆದದ್ದು ದೊಡ್ಡ ತಪ್ಪು. ಇನ್ನು ನೋಡೋಕೆ ಏನಿದೆ?’ ಕೊನೆಗೆ ಮೂರು ಅಳುವ ಮುಖ. ಕೊಡಗಿನ ಬೆಟ್ಟದ ಮೇಲೆ ಕೂತು ಸಮುದ್ರದ ಆಟಕ್ಕೆ ಜಗಳ ಯಾಕೆ ಅಂತ ನಗೋರು ನಗಲಿ. ಬರಪೊಳೆಯ ರ‍್ಯಾಫ್ಟಿಂಗನ್ನೇ ಸರ್ಫಿಂಗ್ ಅಂದುಕೊಂಡವರ ಮೇಲೂ ನನಗೆ ಸಿಟ್ಟಿಲ್ಲ. ನನ್ನ ಸಿಟ್ಟೆಲ್ಲ ಆ ಮೂರು ಅಳುವ ಮುಖದ ಮೇಲೆ.

ಗೊತ್ತಿಲ್ಲದವರಿಗೆ ಮೊದಲು ವಿಷಯ ಹೇಳಿಬಿಡ್ತೇನೆ. ಸರ್ಫಿಂಗ್ ಅಂದರೆ ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡೋದು. ವರ್ಲ್ಡ್ ಸರ್ಫ್ ಲೀಗ್‌ನವರ ಚಾಂಪಿಯನ್‌ಶಿಪ್ ಟೂರ್ ಅಂದರೆ ವರ್ಷವಿಡೀ ದೇಶ ದೇಶ ಸುತ್ತೋದು. 2025ರಲ್ಲಿ ಹವಾಯಿಯ ಪೈಪ್‌ಲೈನ್‌ನಿಂದ ಶುರುವಾಗಿ ಅಬುಧಾಬಿ, ಪೋರ್ಚುಗಲ್‌ನ ಪೆನಿಶ್, ಎಲ್ ಸಾಲ್ವಡಾರ್, ಆಸ್ಟ್ರೇಲಿಯಾದಲ್ಲಿ ಮೂರು ಕಡೆ, ಕ್ಯಾಲಿಫೋರ್ನಿಯಾದ ಟ್ರೆಸಲ್ಸ್, ಬ್ರೆಜಿಲ್‌ನ ಸಾಕ್ವರೆಮಾ, ದಕ್ಷಿಣ ಆಫ್ರಿಕಾದ ಜೆಫ್ರೀಸ್ ಬೇ, ಕೊನೆಗೆ ತಹಿತಿ. ಒಟ್ಟು ಹನ್ನೊಂದು ಸ್ಪರ್ಧೆ. ಒಂದು ಸ್ಪರ್ಧೆ ಗೆದ್ದರೆ 10,000 ಅಂಕ, ಫೈನಲ್‌ನಲ್ಲಿ ಸೋತರೆ 7,800, ಸೆಮಿಯಲ್ಲಿ ಸೋತರೆ 6,085, ಕ್ವಾರ್ಟರ್‌ನಲ್ಲಿ ಸೋತರೆ 4,745. ಹೀಗೆ ಪೈಸೆ ಪೈಸೆ ಕೂಡಿಟ್ಟು ಪಟ್ಟಿಯ ಮೊದಲ ಐದರೊಳಗೆ ಬಂದರೆ, ಆಮೇಲೆ ಒಂದೇ ಒಂದು ದಿನ, ಅದೇ ಫೈನಲ್ಸ್ ಡೇ. ಐದನೆಯವರು ನಾಲ್ಕನೆಯವರ ಜೊತೆ, ಅದರಲ್ಲಿ ಗೆದ್ದವರು ಮೂರನೆಯವರ ಜೊತೆ, ಹಾಗೇ ಮೇಲಕ್ಕೆ ಹತ್ತಿ ಒಂದನೇ ಸ್ಥಾನದವರ ಜೊತೆ. ಅವತ್ತು ಗೆದ್ದವರು ವಿಶ್ವ ಚಾಂಪಿಯನ್. ಅಲ್ಲಿಯವರೆಗೆ ಕೂಡಿಟ್ಟದ್ದು? ಸೊನ್ನೆ. 2021ರಿಂದ 2025ರವರೆಗೆ ಐದು ವರ್ಷ ಈ ನಾಟಕ ನಡೀತು.

ಪ್ಲಾಂಟರ್‌ಗಳಿಗೆ ಇದನ್ನು ಹೇಗೆ ಹೇಳೋದು? ಜನವರಿಯಿಂದ ಡಿಸೆಂಬರ್ ತನಕ ಮಳೆ ರಿಜಿಸ್ಟರ್‌ನಲ್ಲಿ ಇಂಚು, ಸೆಂಟ್ ಅಂತ ದಿನಾ ಬರೆದಿಟ್ಟು, ವರ್ಷದ ಕೊನೆಗೆ ಪುಸ್ತಕ ಮುಚ್ಚಿ, ‘ಇವತ್ತು ಬಿದ್ದಷ್ಟೇ ಈ ವರ್ಷದ ಮಳೆ’ ಅಂದ ಹಾಗೆ. ಯಾರಾದರೂ ಒಪ್ತೀರಾ?

ಸಮುದ್ರದ ಲೆಕ್ಕ ಗೊತ್ತಿದ್ದರೆ ಆ ಅಳುವ ಮುಖ ಬರ್ತಾನೇ ಇರಲಿಲ್ಲ. ಅಲೆ ಒಂದೊಂದಾಗಿ ಬರಲ್ಲ, ಗುಂಪಾಗಿ ಬರುತ್ತೆ. ಅದಕ್ಕೆ ಸೆಟ್ ಅಂತಾರೆ. ಒಂದು ಸೆಟ್‌ನಲ್ಲಿ ಮೂರೋ ಐದೋ ಒಳ್ಳೆಯ ಅಲೆ, ಆಮೇಲೆ ಹತ್ತು ಹನ್ನೆರಡು ನಿಮಿಷ ನೀರು ಕೆರೆಯ ಹಾಗೆ ಸುಮ್ಮನಿರಬಹುದು. ಒಂದು ಹೀಟ್, ಅಂದರೆ ಒಂದು ಪಂದ್ಯ, ಸುಮಾರು 35 ನಿಮಿಷ. ಲೆಕ್ಕ ಹಾಕಿ, ಎಷ್ಟು ಸೆಟ್ ಸಿಕ್ಕೀತು? ಮೂರು. ಗ್ರಹಚಾರ ಕೆಟ್ಟರೆ ಎರಡು. ಪ್ರತಿಯೊಬ್ಬರ ಅತ್ಯುತ್ತಮ ಎರಡು ಅಲೆ ಮಾತ್ರ ಲೆಕ್ಕಕ್ಕೆ, ಒಂದಕ್ಕೆ ಹತ್ತರಂತೆ ಒಟ್ಟು ಇಪ್ಪತ್ತು.

ಅಂಕ ಕೊಡೋದರಲ್ಲಿ ನನಗೆ ತಕರಾರಿಲ್ಲ. ಐವರು ತೀರ್ಪುಗಾರರು, ಅತಿ ಹೆಚ್ಚಿನದ್ದು ಮತ್ತು ಅತಿ ಕಡಿಮೆಯದ್ದು ತೆಗೆದುಹಾಕಿ ಉಳಿದ ಮೂರರ ಸರಾಸರಿ. 7.5, 7.8, 8.0, 8.2, 9.0 ಬಂತು ಅಂದುಕೊಳ್ಳಿ. 7.5 ಮತ್ತು 9.0 ಹೋಯ್ತು, ಉಳಿದದ್ದರ ಸರಾಸರಿ 8.00. ಒಬ್ಬ ತೀರ್ಪುಗಾರನಿಗೆ ತಲೆ ಕೆಟ್ಟರೂ ಫಲಿತಾಂಶ ಕೆಡಲ್ಲ. ನೋಡಿ, ಐದು ಜನ ಇಟ್ಟು ಎರಡು ತುದಿ ಕತ್ತರಿಸುವಷ್ಟು ಜಾಗ್ರತೆ ಒಂದು ಅಲೆಗೆ! ಇಡೀ ವರ್ಷಕ್ಕೆ ಮಾತ್ರ ಒಂದು ಮಂಗಳವಾರವೋ ಬುಧವಾರವೋ ಸಾಕು.

ಇನ್ನು ಪ್ರಿಯಾರಿಟಿ. ಇಬ್ಬರೇ ನೀರಿನಲ್ಲಿದ್ದಾಗ ಯಾರಿಗೆ ಮೊದಲ ಹಕ್ಕೋ ಅವರು ಬೇಕಾದ ಅಲೆ ಹಿಡೀಬಹುದು. ಹಿಡಿದ ಮೇಲೆ ಹಕ್ಕು ಎದುರಾಳಿಗೆ. ಅಲೆ ಹಿಡಿಯೋಕೆ ಕೈ ಹೊಡೆದು, ಅಲೆ ಕೈತಪ್ಪಿದರೂ ಹಕ್ಕು ಹೋಯ್ತು. ಹಕ್ಕು ಇದ್ದವರಿಗೆ ಅಡ್ಡ ಬಂದರೆ ಅಡ್ಡ ಬಂದವರ ಎರಡನೇ ಅತ್ಯುತ್ತಮ ಅಲೆಯ ಅಂಕ ಸೊನ್ನೆ. ಈಗ ಕೊನೆಯ ನಾಲ್ಕು ನಿಮಿಷ ಊಹಿಸಿ. ಮುಂದಿರುವವರ ಕೈಯಲ್ಲೇ ಪ್ರಿಯಾರಿಟಿ, ಹಿಂದಿರುವವರಿಗೆ 6.2 ಬೇಕು, ದಿಗಂತದಲ್ಲಿ ಅಲೆಯ ಒಂದು ಗೆರೆಯೂ ಇಲ್ಲ. ಹಿಂದಿರುವವರು ಜಗತ್ತಿನ ಅತ್ಯುತ್ತಮ ಸರ್ಫರ್ ಆಗಿದ್ದರೂ ಬೋರ್ಡ್ ಮೇಲೆ ಕೂತು ಸೈರನ್ ಕೇಳೋದಷ್ಟೇ ಕೆಲಸ. ಹನ್ನೊಂದು ಊರಿನಲ್ಲಿ ಹೀಗೆ ಒಂದೆರಡು ಸಲ ಆದರೆ ಮೂರನೇ ಊರಿನಲ್ಲಿ ತುಂಬಿಕೊಳ್ಳಬಹುದು. ಒಂದೇ ದಿನದಲ್ಲಿ ಎಲ್ಲಿಂದ ತುಂಬಿಕೊಳ್ಳೋದು?

ಜಾಗದ ವಿಷಯಕ್ಕೆ ಬರೋಣ, ನನಗೆ ಮೈ ಉರಿಯೋದು ಇಲ್ಲೇ. ಐದು ಫೈನಲ್ಸ್‌ನಲ್ಲಿ ಮೊದಲ ನಾಲ್ಕು ಒಂದೇ ಕಡೆ, ಸ್ಯಾನ್ ಕ್ಲೆಮೆಂಟಿಯ ಲೋವರ್ ಟ್ರೆಸಲ್ಸ್‌ನಲ್ಲಿ. ತಳದಲ್ಲಿ ಉರುಟು ಕಲ್ಲು, ಅಲೆ ಮೆಲ್ಲಗೆ ಎದ್ದು ಸಲೀಸಾಗಿ ಉರುಳುತ್ತೆ, ಆರಡಿಯ ಆಸುಪಾಸಿನ ಪುಟ್ಟ ಬೋರ್ಡ್‌ನಲ್ಲಿ ತಿರುವು ಹಾಕೋಕೆ, ಗಾಳಿಗೆ ಹಾರೋಕೆ ಹೇಳಿ ಮಾಡಿಸಿದ ಜಾಗ. ತಹಿತಿಯ ಟೀಹುಪೊ ಹಾಗಲ್ಲ. 15 ಸೆಕೆಂಡ್ ಅಂತರದ ಅಲೆಗೆ ಆಳ ಸಮುದ್ರದಲ್ಲಿ ಉದ್ದ ಸುಮಾರು 350 ಮೀಟರ್, ಅದರ ಅರ್ಧದಷ್ಟು ಆಳದಲ್ಲೇ ಅದಕ್ಕೆ ನೆಲ ತಾಗೋಕೆ ಶುರು. ಸಾಮಾನ್ಯ ಕಡಲತೀರದಲ್ಲಿ ಹೀಗೆ ನೆಲಕ್ಕೆ ಉಜ್ಜುತ್ತಾ ವೇಗ ಕಳಕೊಂಡೇ ದಡಕ್ಕೆ ಬರುತ್ತೆ. ಟೀಹುಪೊದಲ್ಲಿ ಆಳದಿಂದ ಹವಳದ ದಿಬ್ಬ ಗೋಡೆಯ ಹಾಗೆ ಎದ್ದಿದೆ. ವೇಗ ತಗ್ಗಿಸೋಕೆ ಅಲೆಗೆ ಪುರುಸೊತ್ತೇ ಇಲ್ಲ. ಬುಡಕ್ಕೆ ಎಡವಿದ ಹಾಗೆ ಮೇಲಂಚನ್ನು ಮುಂದಕ್ಕೆ ಎಸೆದು ಬೀಳುತ್ತೆ. ಕೆಳಗೆ ಒಂದೆರಡು ಮೀಟರ್ ನೀರು, ಅದರ ಕೆಳಗೆ ಹವಳ. ಪೈಪ್‌ಲೈನ್‌ಗೆ ಇನ್ನೂ ಉದ್ದದ ಬೋರ್ಡ್ ಬೇಕು, ಇಲ್ಲವಾದರೆ ಅಲೆಯ ವೇಗಕ್ಕೆ ಸರಿಯಾಗಿ ಕೈ ಹೊಡೆಯೋಕೇ ಆಗಲ್ಲ, ತಡವಾಗಿ ಎದ್ದು ನೇರ ಕೆಳಗೆ. ಆಸ್ಟ್ರೇಲಿಯಾದ ಬೆಲ್ಸ್ ಬೀಚ್‌ನಲ್ಲಿ ನೀರು ತಣ್ಣಗೆ, ಎದೆಗೆ 3 ಮಿಲಿಮೀಟರ್, ಕೈಕಾಲಿಗೆ 2 ಮಿಲಿಮೀಟರ್‌ನ ವೆಟ್‌ಸೂಟ್ ಬೇಕು, ಬೋರ್ಡ್‌ಗೆ ಹಚ್ಚುವ ವ್ಯಾಕ್ಸ್ ಕೂಡ ಬೇರೆ. ಬಿಸಿನೀರಿನ ಗಟ್ಟಿ ವ್ಯಾಕ್ಸ್ ಅಲ್ಲಿ ಹಚ್ಚಿದರೆ ಕಾಲು ಜಾರುತ್ತೆ. ಇದನ್ನೆಲ್ಲ ದಾಟಿ ಬಂದವರನ್ನು ಒಂದೇ ಜಾತಿಯ ಅಲೆಯಲ್ಲಿ ಅಳೆಯೋದು ನ್ಯಾಯವಾ?

‘ಆದರೆ ಒಂದನೇ ಸ್ಥಾನದವರೇ ಗೆದ್ದರಲ್ಲ?’ ಅಂತ ಕೇಳೋರು ಇದ್ದಾರೆ. ಹೌದು, ಗಂಡಸರಲ್ಲಿ ಐದೂ ವರ್ಷ ಹಾಗೇ. ಮೆಡಿನಾ, ಎರಡು ಸಲ ಟೊಲೆಡೊ, ಜಾನ್ ಜಾನ್ ಫ್ಲಾರೆನ್ಸ್, ಯಾಗೊ ಡೋರಾ. ಗಂಡಸರು, ಹೆಂಗಸರು ಸೇರಿ ಒಟ್ಟು ಹತ್ತು ಕಿರೀಟದಲ್ಲಿ ಎಂಟು ಸರಿಯಾದ ತಲೆಗೇ ಬಿದ್ದಿವೆ. ಹಾಗಾದರೆ ಎಂಟು ಸಲ ಈ ಶೋ ಮಾಡಿ ಗೊತ್ತಾಗಿದ್ದು ಪಟ್ಟಿ ನೋಡಿದ್ದರೆ ಗೊತ್ತಾಗ್ತಿದ್ದದ್ದೇ. ಉಳಿದ ಎರಡು ಸಲ ಕಳಕೊಂಡದ್ದು ಒಬ್ಬಳೇ ಹೆಣ್ಣುಮಗಳು, ಕರಿಸ್ಸಾ ಮೂರ್. 2022ರಲ್ಲಿ ಐದನೇ ಸ್ಥಾನದಿಂದ ಹತ್ತಿ ಬಂದ ಸ್ಟೆಫನಿ ಗಿಲ್ಮೋರ್, 2023ರಲ್ಲಿ ಮೂರನೇ ಸ್ಥಾನದಿಂದ ಬಂದ ಕ್ಯಾರೊಲೈನ್ ಮಾರ್ಕ್ಸ್ ಕಿರೀಟ ಒಯ್ದರು. ಎರಡೂ ವರ್ಷ ಪಟ್ಟಿಯ ತುದಿಯಲ್ಲಿದ್ದದ್ದು ಮೂರ್. ಐದು ಕಿರೀಟದ ಬದಲು ಏಳು ಇರಬೇಕಿತ್ತು.

ಸರಿ, ಒಪ್ಪಿಕೊಂಡುಬಿಡ್ತೇನೆ. 2022ರಲ್ಲಿ ಗಿಲ್ಮೋರ್ ಒಂದೇ ದಿನ ನಾಲ್ವರನ್ನು ಸೋಲಿಸಿ ಎಂಟನೇ ಕಿರೀಟ ತಗೊಂಡಾಗ ನನ್ನ ಕಣ್ಣೂ ಒದ್ದೆಯಾಗಿತ್ತು. ಅವಳ ಆ ಸರ್ಫಿಂಗ್ ನೋಡಿ ಕಲ್ಲೂ ಕರಗಬೇಕು. ಅದಕ್ಕೇ ನನಗೆ ಇನ್ನೂ ಸಿಟ್ಟು. ಕೆಟ್ಟ ವ್ಯವಸ್ಥೆಗೆ ಎಷ್ಟು ಒಳ್ಳೆ ಜಾಹೀರಾತು ಸಿಕ್ಕಿಬಿಡ್ತು ಮಾರಾಯ್ರೆ!

ತಪ್ಪು ಲೀಗ್‌ನವರಿಗೂ ಗೊತ್ತಿತ್ತು. 2025ರಲ್ಲಿ ಫೈನಲ್ಸನ್ನು ಫಿಜಿಯ ಕ್ಲೌಡ್‌ಬ್ರೇಕ್‌ಗೆ ಒಯ್ದು, ಒಂದನೇ ಸ್ಥಾನದವರು ಒಂದು ಹೀಟ್ ಗೆದ್ದರೆ ಸಾಕು, ಸವಾಲು ಹಾಕೋರು ಮಾತ್ರ ಎರಡು ಗೆಲ್ಲಬೇಕು ಅಂತ ತೇಪೆ ಹಾಕಿದರು. ತೇಪೆ ಹಾಕ್ತಾರೆ ಅಂದರೆ ಬಟ್ಟೆ ಹರಿದಿದೆ ಅಂತ ತಾನೇ?

ಗುಂಪಿನಲ್ಲಿ ಇನ್ನೊಬ್ಬರು ನಮ್ಮ ಕೊಡವ ಕೌಟುಂಬಿಕ ಹಾಕಿಯನ್ನೇ ತಂದು ಎದುರಿಗಿಟ್ಟರು. ‘ಅದೂ ನಾಕೌಟೇ ಅಲ್ವಾ, 1997ರಿಂದ ನಡೀತಿಲ್ವಾ?’ ಅಂತ. ಸ್ವಾಮಿ, ಅಲ್ಲಿ ಮೊದಲ ದಿನದಿಂದಲೇ ನಾಕೌಟ್. ಸೋತ ಕುಟುಂಬ ಮನೆಗೆ, ಗೆದ್ದವರು ಮುಂದಕ್ಕೆ, ಎಲ್ಲರಿಗೂ ಒಂದೇ ನಿಯಮ. ವರ್ಷಪೂರ್ತಿ ಲೀಗ್ ಆಡಿಸಿ, ಕೊನೆಗೆ ‘ಅದೆಲ್ಲ ಸುಮ್ಮನೆ’ ಅನ್ನಲ್ಲ. ಮೈದಾನವೂ ಆಟದ ಮಧ್ಯೆ ಹತ್ತು ನಿಮಿಷ ಮಾಯ ಆಗಲ್ಲ.

ಒಂದೇ ದಿನದಲ್ಲಿ ಎಲ್ಲರಿಗೂ ಸಮಾನ ಅಲೆ ಬೇಕೇ ಬೇಕು ಅಂದರೆ ಅಬುಧಾಬಿಯ ಕೃತಕ ಅಲೆಯ ಕೊಳ ಇದೆಯಲ್ಲ. ಹೆಸರಾಂತ ಸರ್ಫರ್ ಕೆಲ್ಲಿ ಸ್ಲೇಟರ್ ಕಂಪನಿಯ ತಂತ್ರಜ್ಞಾನ, ನೀರಿನೊಳಗೆ ಫಾಯಿಲ್ ಅನ್ನೋ ರೆಕ್ಕೆಯಂಥ ಫಲಕವನ್ನು ಹಳಿ ಮೇಲೆ ಎಳೆದರೆ ಅಲೆ ರೆಡಿ. ಹೂಮಳೆ ಬಾರದಾಗ ರೋಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕಿದ ಹಾಗೆ. ಹೂ ಅರಳುತ್ತೆ, ಸುಳ್ಳಲ್ಲ. ಆದರೆ ಸ್ಪ್ರಿಂಕ್ಲರ್ ನೀರನ್ನು ಯಾರೂ ಮಳೆ ರಿಜಿಸ್ಟರ್‌ನಲ್ಲಿ ಬರೆಯಲ್ಲ.

2026ರಿಂದ ಫೈನಲ್ಸ್ ಡೇ ಇಲ್ಲ. ಏಪ್ರಿಲ್‌ನಲ್ಲಿ ಬೆಲ್ಸ್‌ನಿಂದ ಶುರು, ಡಿಸೆಂಬರ್‌ನಲ್ಲಿ ಪೈಪ್‌ಲೈನ್‌ಗೆ ಮುಕ್ತಾಯ, ಕಿರೀಟ ಕೂಡಿಟ್ಟ ಅಂಕಕ್ಕೆ. ಪೂರ್ತಿ ಖುಷಿ ಅಂತಲೂ ಹೇಳಲಾರೆ. ಕೊನೆಯ ಪೈಪ್‌ಲೈನ್ ಗೆದ್ದರೆ 10,000 ಅಲ್ಲ, 15,000 ಅಂತೆ. ಮುಂಬಾಗಿಲಿಂದ ಕಳಿಸಿದ ಫೈನಲ್ಸ್ ಡೇ ಹಿತ್ತಲ ಬಾಗಿಲಿಂದ ಅರ್ಧ ತಲೆ ಒಳಗೆ ಹಾಕಿದೆ. ಇರಲಿ, ಕನಿಷ್ಠ ಅಲ್ಲಿ ಅಲೆ ಹೆದರಿಸುವಂಥದ್ದು, ಒಳ್ಳೆಯ ದಿನಕ್ಕಾಗಿ ಕಾಯುವ ಅವಧಿಯೂ ಉಂಟು.

ಹವಾಯಿಯಲ್ಲಿ ಬೆಳಿಗ್ಗೆ ಎಂಟಕ್ಕೆ ಮೊದಲ ಹೀಟ್ ನೀರಿಗಿಳಿದರೆ ನಮಗಿಲ್ಲಿ ರಾತ್ರಿ ಹನ್ನೊಂದೂವರೆ. ಅದೂ ಅರೇಬಿಕಾ ಕೊಯ್ಲಿನ ಸಮಯ, ಬೆಳಿಗ್ಗೆ ಬೇಗ ಏಳಬೇಕು. ಅಳುವ ಮುಖದವರು ಆರಾಮವಾಗಿ ಮಲಗಲಿ, ಫಲಿತಾಂಶ ಗುಂಪಿನಲ್ಲಿ ನಾನೇ ಹಾಕ್ತೇನೆ.