ಬೆಲೆ ಬಿಡಿ, ಆ ಕೈಕೆಲಸ ನೋಡಿ

ಕ್ರಿಕೆಟ್ ವಿಶ್ವಕಪ್ ಟ್ರೋಫಿಯ ಬೆಲೆ ಬಗ್ಗೆ ನಿಮ್ಮ ಲೇಖನದಲ್ಲಿ ಇಷ್ಟೆಲ್ಲ ಬರೆದಿದ್ದೀರಿ, ಅದನ್ನು ಮಾಡಿದವರಿಗೆ ಒಂದೇ ಸಾಲು. ಅದು ಸಾಲದು ಸಾರ್. ಈಗಿನ ಟ್ರೋಫಿಯನ್ನು 1999ರ ಟೂರ್ನಿಗಾಗಿ ಲಂಡನ್ನಿನ ಗ್ಯಾರಾರ್ಡ್ ಎಂಬ ಆಭರಣ ಸಂಸ್ಥೆಯ ಕುಶಲಕರ್ಮಿಗಳು ಎರಡು ತಿಂಗಳು ಕೂತು ಮಾಡಿದರು. ತೂಕ ಸುಮಾರು 11 ಕೆಜಿ. ಸ್ಟಂಪ್, ಬೇಲ್ಸ್ ಆಕಾರದ ಮೂರು ಬೆಳ್ಳಿ ಕಂಬ, ಅವು ಹೊತ್ತ ಬಂಗಾರದ ಬಣ್ಣದ ಗೋಳ. ಮುಂದಿನ ಸಲ ಟಿವಿಯಲ್ಲಿ ಹತ್ತಿರದಿಂದ ತೋರಿಸಿದಾಗ ಆ ಗೋಳವನ್ನೇ ನೋಡಿ. ಚೆಂಡಿನಂತಿರುವ ಆ ಗೋಳದ ಹೊಲಿಗೆ ನೆಟ್ಟಗಿಲ್ಲ, ಓರೆಯಾಗಿದೆ. ಭೂಮಿಯ ಅಕ್ಷ ವಾಲಿದ ಹಾಗೆ ಬೇಕಂತಲೇ ವಾಲಿಸಿದ್ದಾರೆ! ಚೆಂಡೂ ಅದೇ, ಭೂಮಿಯೂ ಅದೇ. ಎಷ್ಟು ಚಂದದ ಯೋಚನೆ ಅಲ್ವಾ? ನಾನಂತೂ ಇದು ಗೊತ್ತಾದ ಮೇಲೆ 2011ರ ಫೋಟೊಗಳನ್ನು ಮತ್ತೆ ತೆಗೆದು, ಧೋನಿಯನ್ನು ಬಿಟ್ಟು ಹೊಲಿಗೆಯನ್ನೇ ಹುಡುಕಿದೆ.