ನಿಂತರೆ ನಡುಕ

ಓಡುವಾಗ ನನ್ನ ಕಾರಿನ ಮೇಲೆ ಯಾವ ದೂರೂ ಇರಲಿಲ್ಲ. ನಿಂತರೆ ಮಾತ್ರ ಚಳಿಜ್ವರ. ಬೆಂಗಳೂರಿನಲ್ಲಿ ಕಾರು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚಾದ್ದರಿಂದ ಇದು ಸಣ್ಣ ಕಾಯಿಲೆಯೇನಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಸ್ಟಿಯರಿಂಗ್ ಹಿಡಿದ ನನ್ನ ಕೈ, ಕನ್ನಡಿಯೊಳಗಿನ ಬಸ್ಸು, ಡ್ಯಾಷ್‌ಬೋರ್ಡಿನ ಗಣಪ ಎಲ್ಲವೂ ಒಂದೇ ತಾಳಕ್ಕೆ ನಡುಗುತ್ತಿದ್ದವು. ಹಿಂದಿನ ಸೀಟಿನಲ್ಲಿ ಅಮ್ಮ ಹೊಸದಾಗಿ ಕಟ್ಟಿಸಿದ ಹಲ್ಲಿನ ಮೇಲೆ ಕೈಯಿಟ್ಟುಕೊಂಡೇ ಕೂರುತ್ತಿದ್ದಳು. "ಐಡ್ಲಿಂಗ್‌ನಲ್ಲಿ ಹೀಗಾಗುತ್ತದಮ್ಮ" ಎಂದರೆ, "ಇಡ್ಲಿ ಏನೋ ಮಾಡಿತು ಪಾಪ?" ಎಂದಳು.

ಮೊದಲ ಗ್ಯಾರೇಜಿನವನು ರಿಂಗ್ ರೋಡಿನಲ್ಲಿ ಒಂದು ಸುತ್ತು ಓಡಿಸಿಕೊಂಡು ಬಂದು, "ಬೆಣ್ಣೆಯಂತೆ ಹೋಗುತ್ತದೆ ಸಾರ್" ಎಂದ. ಹೋಗುವುದು ನನಗೂ ಗೊತ್ತಿತ್ತು. ಆದರೂ ನಾಲ್ಕು ಸ್ಪಾರ್ಕ್ ಪ್ಲಗ್ ಬದಲಿಸಿ ಬಿಲ್ಲು ಕೊಟ್ಟ. ಎರಡನೆಯವನು ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿದೆಯೆಂದು ಬಿಚ್ಚಿ ತೊಳೆದ. ಮಸಿ ಇದ್ದದ್ದು ನಿಜ, ಒರೆಸಿದ ಬಟ್ಟೆ ನೋಡಿ ನನಗೇ ನಾಚಿಕೆಯಾಯಿತು. ನಡುಕ ಹೋಗಲಿಲ್ಲ. ಅಷ್ಟರಲ್ಲಿ ನಾನೂ ಅರ್ಧ ವೈದ್ಯನಾಗಿದ್ದೆ. ಎಂಜಿನ್ ತಿರುಗುವ ವೇಗ ತೋರಿಸುವ ಆರ್‌ಪಿಎಂ ಮುಳ್ಳು 800ರಲ್ಲಿ ಅಲುಗದೆ ನಿಂತಿದೆ, ಎಂಜಿನ್ ಸರಿಯಾಗಿ ಉರಿಯದಿದ್ದರೆ ಮುಳ್ಳೂ ಕುಣಿಯಬೇಕಿತ್ತಲ್ಲವೇ ಎಂದು ಒಂದು ಮದುವೆಯ ಪಂಕ್ತಿಯಲ್ಲಿ ಪಕ್ಕದವರಿಗೆ ವಿವರಿಸಿದೆ. ಅವರು ಪಾಯಸಕ್ಕೂ ಕಾಯದೆ ಎದ್ದರು.

ಮೂರನೆಯ ಮೇಸ್ತ್ರಿ ಕಾರನ್ನು ಓಡಿಸಲೇ ಇಲ್ಲ. ಬಾನೆಟ್ ಎತ್ತಿ ನಿಂತು, "ಬ್ರೇಕ್ ಒತ್ತಿ ಹಿಡಿಯಿರಿ, ಫಸ್ಟ್ ಗೇರ್ ಹಾಕಿ ಕ್ಲಚ್ ಚೂರೇ ಚೂರು ಬಿಡಿ" ಎಂದರು. ಬಿಟ್ಟೆ. ಎಂಜಿನ್ ಕುಳಿತಲ್ಲಿಂದ ಅರ್ಧ ಎದ್ದು ಧೊಪ್ಪೆಂದು ಕುಳಿತಿತು.

"ಮೌಂಟಿಂಗ್ ಹೋಗಿದೆ."

ಎಂಜಿನ್ನನ್ನು ಹೊತ್ತ ರಬ್ಬರು ಸೀಳಿ ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿತ್ತು. ನಿಧಾನವಾಗಿ ತಿರುಗುವಾಗಿನ ಒಂದೊಂದು ಗುದ್ದೂ ನೇರ ಸೀಟಿಗೆ. ವೇಗ ಹೆಚ್ಚಿದರೆ ಗುದ್ದುಗಳು ಒತ್ತೊತ್ತಾಗಿ ಬಂದು ಮೈಗೆ ಅಷ್ಟಾಗಿ ತಿಳಿಯುವುದಿಲ್ಲವಂತೆ. ಬಿಚ್ಚಿದ ಅಂಗೈಯಗಲದ ರಬ್ಬರನ್ನು ನನ್ನ ಕೈಗಿಟ್ಟರು. ಕರಕಲಾಗಿ ಒಡೆದ ಇಡ್ಲಿಯ ಹಾಗಿತ್ತು. ಅಮ್ಮನಿಗೆ ತೋರಿಸಿದೆ. "ಅವತ್ತೇ ಕೇಳಲಿಲ್ಲವೇ ನಾನು?" ಎಂದಳು.

ಮರುದಿನ ಅದೇ ಸಿಗ್ನಲ್. ಗಣಪ ನಿಶ್ಚಲ, ಸ್ಟಿಯರಿಂಗ್ ನಿಶ್ಶಬ್ದ. ದೀಪ ಹಸಿರಾಯಿತು. ಕಾರು ಆಫ್ ಆಗಿದೆ ಎಂದುಕೊಂಡು ಗಾಬರಿಯಲ್ಲಿ ಕೀಲಿ ತಿರುಗಿಸಿದೆ. ಓಡುತ್ತಿದ್ದ ಎಂಜಿನ್ನಿನ ಮೇಲೆ ಸ್ಟಾರ್ಟರ್ ಕರ್ರೆಂದು ಹಲ್ಲು ಕಡಿದ ಸದ್ದಿಗೆ ಪಕ್ಕದ ಆಟೋದವರು ತಲೆ ಹೊರಹಾಕಿ ಹೇಳಿದರು:

"ಒಂದು ಸಲ ಗ್ಯಾರೇಜಿಗೆ ತೋರಿಸಿ ಸಾರ್."