18 ಕುರಿ, 14 ಪುಟ

"ಮನೆ ಕಾಯೋಕೆ ಹೋಗೋಣವಾ?" ಅಂತ ನಮ್ಮವರು ಕೇಳಿದಾಗ ನಾವು ವೆಲ್ಲಿಂಗ್ಟನ್ನಿನ ಒಂದು ಲಾಡ್ಜಿನ ಮಂಚದ ಮೇಲೆ ಕೂತು ಖರ್ಚಿನ ಲೆಕ್ಕ ಹಾಕುತ್ತಿದ್ದೆವು. ನ್ಯೂಜಿಲೆಂಡಿಗೆ ಬಂದು ಮೂರು ವಾರ ಆಗಿತ್ತು. ಇನ್ನೂ ಎರಡು ವಾರ ಬಾಕಿ ಇತ್ತು. ದುಡ್ಡು ಮಾತ್ರ ಒಂದು ವಾರದ್ದೇ ಉಳಿದಿತ್ತು. ಮೇಲಿಂದ ಕೆಳಗೆ ಕೂಡಿದರೂ ಅಷ್ಟೇ, ಕೆಳಗಿಂದ ಮೇಲೆ ಕೂಡಿದರೂ ಅಷ್ಟೇ.

ಪರಿಚಯದವರ ಪರಿಚಯದವರೊಬ್ಬರು ವೈರರಾಪ ಕಡೆ, ಮಾಸ್ಟರ್ಟನ್ ಊರಿನ ಹೊರಗೆ, ಸಣ್ಣದೊಂದು ಫಾರ್ಮ್ ಇಟ್ಟುಕೊಂಡಿದ್ದರು. ಗಂಡ ಹೆಂಡತಿ ಹತ್ತು ದಿನ ಮಗಳ ಮನೆಗೆ ಹೋಗಬೇಕಿತ್ತು. ಮನೆ ಮತ್ತು ಪ್ರಾಣಿಗಳನ್ನು ನೋಡಿಕೊಂಡರೆ ನಮಗೆ ವಾಸ ಪುಕ್ಕಟೆ.

"ನಿಮಗೆ ಪ್ರಾಣಿಗಳ ಅಭ್ಯಾಸ ಇದೆಯಾ?" ಅಂತ ಮನೆಯೊಡತಿ ವಿಡಿಯೋ ಕಾಲಿನಲ್ಲಿ ಕೇಳಿದರು.

"ಚಿಕ್ಕಂದಿನಿಂದ" ಅಂದರು ನಮ್ಮವರು, ಕಣ್ಣು ಮಿಟುಕಿಸದೆ.

ನನಗೆ ಗೊತ್ತಿರುವ ಹಾಗೆ ಇವರ ಅಭ್ಯಾಸ ಅಂದರೆ ಏಳನೇ ವಯಸ್ಸಿನಲ್ಲಿ ಅಜ್ಜನ ಮನೆಯ ಎಮ್ಮೆಯ ಬಾಲದಿಂದ ಮುಖಕ್ಕೆ ಹೊಡೆಸಿಕೊಂಡದ್ದು. ಚಿಕ್ಕಂದಿನಿಂದ ಅಂದದ್ದು ಸುಳ್ಳೇನಲ್ಲ.

ವೆಲ್ಲಿಂಗ್ಟನ್ನಿನಿಂದ ಮಾಸ್ಟರ್ಟನ್‌ಗೆ ಸುಮಾರು 100 ಕಿಲೋಮೀಟರ್. ನಡುವೆ ರೆಮುಟಾಕ ಬೆಟ್ಟ, ತಿರುವಿನ ಮೇಲೆ ತಿರುವು. ದಾರಿಯುದ್ದಕ್ಕೂ ನಮ್ಮವರು ಗೈಡ್‌ಪುಸ್ತಕದ ಜ್ಞಾನ ಹಂಚಿದರು. ಮಾಸ್ಟರ್ಟನ್‌ನಲ್ಲಿ 1961ರಿಂದ ಕುರಿ ಉಣ್ಣೆ ಕತ್ತರಿಸುವ ದೊಡ್ಡ ಸ್ಪರ್ಧೆ ನಡೆಯುತ್ತದೆ, ಹೆಸರು ಗೋಲ್ಡನ್ ಶಿಯರ್ಸ್. 1982ರಲ್ಲಿ ಈ ದೇಶದಲ್ಲಿ 7 ಕೋಟಿ ಕುರಿ ಇದ್ದವು, ಒಬ್ಬ ಮನುಷ್ಯನಿಗೆ 22. ಈಗ ಇಳಿದು ತಲೆಗೆ ಐದರ ಆಸುಪಾಸು. ಆ ಲೆಕ್ಕದಲ್ಲಿ ನಮ್ಮಿಬ್ಬರ ಪಾಲಿಗೆ ಹತ್ತು ಕುರಿ ಬರಬೇಕಿತ್ತು. ಬಂದದ್ದು 18, ಅದೂ ಎಲ್ಲವೂ ಬಸುರಿ. ಜುಲೈ ತಿಂಗಳು ಅಲ್ಲಿ ನಡುಚಳಿಗಾಲ, ಮರಿ ಹಾಕೋಕೆ ಇನ್ನು ಕೆಲವೇ ವಾರ. ಜೊತೆಗೆ ಆರು ಕೋಳಿ, ಒಂದು ಹಂದಿ, ಕೆಲಸದಿಂದ ನಿವೃತ್ತಿಯಾದ ಒಂದು ನಾಯಿ.

ಅಡುಗೆಮನೆ ಮೇಜಿನ ಮೇಲೆ ಸುರುಳಿ ತಂತಿಯ ಒಂದು ಪುಸ್ತಕ ಇತ್ತು. ಆಕೆ ಕೈಯಲ್ಲೇ ಬರೆದ 14 ಪುಟ. ಕೋಳಿಗೆ ಎರಡು ಪುಟ, ಹಂದಿಗೆ ಎರಡು, ಸೌದೆ ಒಲೆಗೆ ಮೂರು, ಕಾಫಿ ಮಷೀನಿಗೆ ನಾಲ್ಕು. ಮಿಕ್ಕದ್ದು ಏನೇನೋ ಚಿಲ್ಲರೆ ವಿಷಯ. "ಎಲ್ಲಾ ಅದರಲ್ಲಿದೆ" ಅಂದರು ಆಕೆ. ಕಾರು ಹತ್ತುವಾಗ ಕಿಟಕಿಯಿಂದ ಕೈ ಬೀಸಿ "ಶೀಲ್ ಬಿ ರೈಟ್!" ಅಂದು ಹೊರಟರು. ಎಲ್ಲ ಸರಿಹೋಗುತ್ತೆ ಬಿಡಿ ಅನ್ನೋಕೆ ಇಲ್ಲಿಯ ಜನ ಹಾಗನ್ನುತ್ತಾರೆ. ಶೀ ಅಂದರೆ ಅವಳು ತಾನೇ, ಹೆಂಗಸು ಹೇಳಿದ್ದೇ ಸರಿ ಅಂತ ಒಂದು ದೇಶಕ್ಕೆ ದೇಶವೇ ಒಪ್ಪಿಕೊಂಡಿದೆ ಅಂತ ನಾನು ಅರ್ಥ ಮಾಡಿಕೊಂಡೆ. ಆ ಅರ್ಥವನ್ನು ಇವತ್ತಿಗೂ ಬಿಟ್ಟುಕೊಟ್ಟಿಲ್ಲ.

ನಮ್ಮವರು ಪುಸ್ತಕದ ಮೊದಲ ಪುಟ ಓದಿದರು. ವೈಫೈ ಪಾಸ್‌ವರ್ಡ್ ಅಲ್ಲಿತ್ತು. ನಾನು ಕಾಫಿ ಮಷೀನಿನ ನಾಲ್ಕು ಪುಟ ಓದಿದೆ. ಉಳಿದ ಒಂಬತ್ತನ್ನು ಪುರುಸೊತ್ತು ಸಿಕ್ಕಾಗ ಓದೋಣ ಅಂತ ಮಡಚಿಟ್ಟೆವು.

ಮೊದಲ ರಾತ್ರಿ ಕಿಟಕಿ ಹೊರಗೆ ಯಾರದ್ದೋ ಕತ್ತು ಹಿಸುಕಿದ ಹಾಗೆ ಸದ್ದು. ಮೊದಲು ಕೆಮ್ಮು, ಆಮೇಲೆ ಗೊರಗೊರ, ಕೊನೆಗೆ ಬುಸ್ ಅಂತ ಉಸಿರು. "ಹೆದರಬೇಡ, ಈ ದೇಶದಲ್ಲಿ ಹಾವೇ ಇಲ್ಲ" ಅಂದರು ನಮ್ಮವರು, ಹೊದಿಕೆಯೊಳಗಿಂದಲೇ. ಹಾವು ಕೆಮ್ಮುತ್ತೆ ಅಂತ ನಾನೇನೂ ಅಂದಿರಲಿಲ್ಲ. ಬೆಳಿಗ್ಗೆ ಗೊತ್ತಾಯಿತು, ಅದು ಪಾಸಮ್, ಬೆಕ್ಕಿನ ಗಾತ್ರದ, ರಾತ್ರಿ ಹೊತ್ತು ಮರ ಹತ್ತಿ ಓಡಾಡುವ ಪ್ರಾಣಿ. ತುಪ್ಪಳದ ವ್ಯಾಪಾರ ಮಾಡೋಣ ಅಂತ 1837ರಲ್ಲಿ ಆಸ್ಟ್ರೇಲಿಯಾದಿಂದ ತಂದರಂತೆ. ವ್ಯಾಪಾರ ಇಳಿಯಿತು, ಪಾಸಮ್ ಉಳಿಯಿತು.

ಎರಡನೇ ರಾತ್ರಿ ಪಾಸಮ್ ಬರಲಿಲ್ಲ. ಹಾಗಾಗಿ ಇನ್ನೊಂದು ಸದ್ದು ಕೇಳಿಸಿತು. ಟಕ್. ಟಕ್. ಟಕ್. ನಲ್ಲಿ ತೊಟ್ಟಿಕ್ಕುವುದಕ್ಕಿಂತ ಗಟ್ಟಿ, ಗಡಿಯಾರಕ್ಕಿಂತ ನಿಧಾನ. ನಮ್ಮವರು ಎದ್ದು ಹುಡುಕಿದರು. ಬಟ್ಟೆ ಒಗೆಯುವ ಕೋಣೆಯ ಗೋಡೆಯಲ್ಲಿ ಒಂದು ಪೆಟ್ಟಿಗೆ, ಟಕ್ ಅಂದಾಗಲೆಲ್ಲ ಅದರಲ್ಲೊಂದು ಕೆಂಪು ದೀಪ ಮಿನುಗುತ್ತಿತ್ತು. "ಯಾವುದೋ ಹಳೇ ಟೈಮರ್ ಇರಬೇಕು. ಸುಮ್ನೆ ಕರೆಂಟ್ ದಂಡ" ಅಂತ ಸ್ವಿಚ್ ಆರಿಸಿದರು. ಪರದೇಶದವರ ಬಿಲ್ ಉಳಿಸಿದ ತೃಪ್ತಿಯಲ್ಲಿ ಐದೇ ನಿಮಿಷಕ್ಕೆ ಗೊರಕೆ.

ಅದು ಬೇಲಿಗೆ ಕರೆಂಟ್ ಕೊಡುವ ಪೆಟ್ಟಿಗೆ. 11ನೇ ಪುಟ.

ಇದು ನಮಗಿಂತ ಮೊದಲು ಹಂದಿಗೆ ಗೊತ್ತಾಯಿತು. ಅದು ಕುನೆಕುನೆ ಜಾತಿಯ ಹಂದಿ. ಮಾವೋರಿ ಭಾಷೆಯಲ್ಲಿ ಹಾಗಂದರೆ ದಪ್ಪಗೆ ಗುಂಡಗೆ ಅಂತ. ಮೈತುಂಬ ಕೂದಲು, ಮೊಟಕು ಮೂತಿ, ದವಡೆಯ ಕೆಳಗೆ ಎರಡು ಜೋಲು, ಕಿವಿಯೋಲೆ ಜಾರಿ ಕೆಳಗೆ ಬಂದ ಹಾಗೆ. ನಾಲ್ಕನೇ ದಿನ ಬೆಳಿಗ್ಗೆ ನಾನು ಕಾಫಿ ಹಿಡಿದು ಕಿಟಕಿ ಪರದೆ ಸರಿಸಿದೆ. ಹುಲ್ಲಿನ ಮೇಲೆಲ್ಲ ಬೆಳ್ಳಗೆ ಇಬ್ಬನಿ ಹೆಪ್ಪುಗಟ್ಟಿತ್ತು. ತರಕಾರಿ ಮಡಿಯ ನಡುವೆ ಹಂದಿ ಕೂತಿತ್ತು. ಬಾಯಿಯಿಂದ ಒಂದು ಸೊಪ್ಪಿನ ದಂಟು ನೇತಾಡುತ್ತಿತ್ತು. ನನ್ನನ್ನು ನೋಡಿ ಜಗಿಯೋದು ನಿಲ್ಲಿಸಿತು. ಒಂದು ಕ್ಷಣ ಯೋಚಿಸಿತು. ಮತ್ತೆ ಜಗಿಯಿತು. ಅದರ ಹಿಂದೆ ಸಾಲಾಗಿ 18 ಕುರಿ, ಕ್ಯಾರೆಟ್ ವಿಭಾಗದಲ್ಲಿ.

ನಮ್ಮವರು ಮನೆಯೊಡೆಯನ ಗಂಬೂಟು ಏರಿಸಿಕೊಂಡು ಓಡಿದರು. ಅದು ಇವರ ಕಾಲಿಗಿಂತ ಎರಡು ಸೈಜು ದೊಡ್ಡದು. ಹಂದಿಗೆ ಹಾಕುವ ಕಾಳಿನ ಬಕೆಟ್ ಅಲ್ಲಾಡಿಸಿದರೆ ಎಲ್ಲಿದ್ದರೂ ಬರುತ್ತೆ ಅನ್ನೋದೊಂದು ನಮಗೆ ಗೊತ್ತಿತ್ತು. ಎಷ್ಟು ವೇಗವಾಗಿ ಬರುತ್ತೆ ಅನ್ನೋದು ಗೊತ್ತಿರಲಿಲ್ಲ. ಬಕೆಟ್ ಗಡಗಡ ಅಂದದ್ದೇ ತಡ, ಮುಂದೆ ನಮ್ಮವರು, ಹಿಂದೆ ಹಂದಿ, ಅದರ ಹಿಂದೆ ಕುರಿ ಮೆರವಣಿಗೆ. ಗೇಟಿನ ಹತ್ತಿರ ಕೆಸರಿತ್ತು. ಎಡಗಾಲಿನ ಬೂಟು ಅಲ್ಲೇ ಹೂತು ನಿಂತಿತು. ಕಾಲು ಮಾತ್ರ ಮುಂದಕ್ಕೆ ಬಂತು, ಬರೀ ಕಾಲುಚೀಲದಲ್ಲಿ.

ಮೂರು ವಾರದ ಹಿಂದೆ ಆಕ್ಲೆಂಡ್ ವಿಮಾನ ನಿಲ್ದಾಣದಲ್ಲಿ ನಮ್ಮ ಶೂ ಬಿಚ್ಚಿಸಿ ಅಡಿ ನೋಡಿದ್ದರು. ಹೊರಗಿನ ಮಣ್ಣು ಒಳಗೆ ಬರಬಾರದು, ತಂದದ್ದನ್ನು ಹೇಳದೆ ಬಚ್ಚಿಟ್ಟರೆ ಅಲ್ಲೇ 400 ಡಾಲರ್ ದಂಡ. ನಾವು ಹೇಳಿದ್ದೆವು. ಅವರೇ ತೊಳೆದು ತಂದುಕೊಟ್ಟರು, ಕೊಂಡಾಗಲೂ ಅಷ್ಟು ಚೆನ್ನಾಗಿರಲಿಲ್ಲ. ಈಗ ನಮ್ಮವರು ಮೊಣಕಾಲತನಕ ಈ ದೇಶದ ಮಣ್ಣು ಮೆತ್ತಿಕೊಂಡು ನಿಂತಿದ್ದರು. "ಇದಕ್ಕೆ ದಂಡ ಯಾರು ಕಟ್ಟುತ್ತಾರೆ?" ಅಂದರು.

ಪ್ರಾಣಿಗಳು ಒಳಗೆ ಸೇರಿದವು. ನಾನು ಪುಸ್ತಕ ತೆಗೆದು 11ನೇ ಪುಟ ಜೋರಾಗಿ ಓದಿ, ಪೆಟ್ಟಿಗೆಯ ಸ್ವಿಚ್ ಹಾಕಿದೆ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಮ್ಮವರು ಎಂಜಿನಿಯರು. ನೋಡದೆ ನಂಬುವವರಲ್ಲ. ಹಸಿ ಹುಲ್ಲಿನ ಎಳೆಯಿಂದ ತಂತಿ ಮುಟ್ಟಿದರೆ ಸಣ್ಣಗೆ ಜುಂ ಅಂದು ಗೊತ್ತಾಗುತ್ತೆ ಅಂತ ಎಲ್ಲೋ ಓದಿದ್ದರಂತೆ. ಒಣಗಿದ ಕಡ್ಡಿ ಕಿತ್ತು ಮುಟ್ಟಿದರು. ಏನೂ ಆಗಲಿಲ್ಲ. "ನೀನು ಸರಿಯಾಗಿ ಹಾಕಿಲ್ಲ" ಅಂದು ಬೆರಳಲ್ಲಿ ತಟ್ಟಿ ತೆಗೆದರು. ಆಗಲೂ ಏನಿಲ್ಲ. "ನೋಡು, ಕರೆಂಟೇ ಇಲ್ಲ" ಅಂತ ನನ್ನ ಕಡೆ ತಿರುಗಿ ತಂತಿಯನ್ನು ಭದ್ರವಾಗಿ ಹಿಡಿದುಕೊಂಡರು.

ಈ ಬೇಲಿಯಲ್ಲಿ ಕರೆಂಟ್ ಒಂದೇ ಸಮ ಹರಿಯಲ್ಲ. ಸೆಕೆಂಡಿಗೋ ಒಂದೂವರೆ ಸೆಕೆಂಡಿಗೋ ಒಂದು ಸಲ ಟಕ್ ಅಂತ ಬಂದು ಹೋಗುತ್ತೆ. ವೋಲ್ಟೇಜ್ ಸಾವಿರಗಟ್ಟಲೆ, ಆದರೆ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು. ಅದಕ್ಕೇ ಮುಟ್ಟಿದವರು ಸಾಮಾನ್ಯವಾಗಿ ಸಾಯಲ್ಲ, ಹಾರುತ್ತಾರೆ ಅಷ್ಟೇ. ಒಣಗಿದ ಕಡ್ಡಿಯಲ್ಲಿ ಅದು ಸರಿಯಾಗಿ ಹರಿಯಲ್ಲ. ಒಂದೊಂದು ಸಲ ಎರಡು ಟಕ್‌ಗಳ ನಡುವೆ ಬೆರಳು ಹೋಗಿ ಬಂದುಬಿಡುತ್ತೆ. ಮೂರನೇ ಸಲ ಅಂಥ ಅದೃಷ್ಟ ಇರಲಿಲ್ಲ. ನಮ್ಮವರ ಬಾಯಿಂದ ಬಂದ ಶಬ್ದ ಕನ್ನಡದ ಯಾವ ಅಕ್ಷರದಲ್ಲೂ ಬರೆಯೋಕೆ ಬರಲ್ಲ. ಹಂದಿ ತಲೆಯೆತ್ತಿ ನೋಡಿತು. ಅದಕ್ಕೆ ಆ ಶಬ್ದದ ಅರ್ಥ ಗೊತ್ತಿತ್ತು ಅನ್ನಿಸುತ್ತೆ.

ಈ ಗಲಾಟೆಗೆ ಪಕ್ಕದ ಫಾರ್ಮಿನ ಅಜ್ಜ ನಾಲ್ಕು ಚಕ್ರದ ಬೈಕಿನಲ್ಲಿ ಬಂದರು. ನಮಗೆ ಏನಾದರೂ ಆದರೆ ಇವರಿಗೆ ಫೋನ್ ಮಾಡಿ ಅಂತ ಪುಸ್ತಕದ ರಟ್ಟಿನ ಮೇಲೇ ನಂಬರು ಇತ್ತು. ಒಳ್ಳೇ ಮನುಷ್ಯ. ಒಂದೇ ತೊಂದರೆ, ಏನು ಕೇಳಿದರೂ "ಯಾ, ನಾ" ಅನ್ನುತ್ತಿದ್ದರು. ಹೌದು, ಇಲ್ಲ. ಎರಡರಲ್ಲಿ ಯಾವುದು ಅಂತ ನಾವೇ ಆರಿಸಿಕೊಳ್ಳಬೇಕು. ಬೇಲಿಯ ಶಾಕ್‌ನಿಂದ ಏನಾದರೂ ಅಪಾಯ ಇದೆಯಾ ಅಂತ ಕೇಳಿದೆ. "ಯಾ, ನಾ" ಅಂದರು. ಆಮೇಲೆ ನಮ್ಮವರನ್ನು ಸಮಾಧಾನ ಮಾಡೋಕೆ ಒಂದು ಕಥೆ ಹೇಳಿದರು. 1930ರ ದಶಕದಲ್ಲಿ ಹ್ಯಾಮಿಲ್ಟನ್ ಕಡೆ ಬಿಲ್ ಗ್ಯಾಲಗರ್ ಅಂತ ಒಬ್ಬರಿದ್ದರು. ಅವರ ಕುದುರೆಗೆ ಕಾರಿಗೆ ಮೈ ಉಜ್ಜುವ ಚಟ. ತಡೆಯಲಾರದೆ ಅವರು ಕಾರಿಗೇ ಶಾಕ್ ಹೊಡೆಯುವ ಏರ್ಪಾಟು ಮಾಡಿದರಂತೆ. ಅಲ್ಲಿಂದ ಮುಂದೆ ಈ ದೇಶದ ಕರೆಂಟ್ ಬೇಲಿಗಳು ಬಂದವಂತೆ. "ಆ ಕುದುರೆ ಆಮೇಲೆ ಕಾರಿನ ಹತ್ತಿರ ಹೋಗಲಿಲ್ಲ" ಅಂತ ಅಜ್ಜ ನಮ್ಮವರ ಬೆನ್ನು ತಟ್ಟಿದರು.

ಕೋಳಿಗಳ ವಿಷಯ ಹೇಳುವಂಥದ್ದೇನಿಲ್ಲ. ಕತ್ತಲಾಗುವ ಹೊತ್ತಿಗೆ ತಾವೇ ಗೂಡು ಸೇರುತ್ತಿದ್ದವು, ನಾವು ಬಾಗಿಲು ಹಾಕುತ್ತಿದ್ದೆವು. ಆ ಫಾರ್ಮಿನಲ್ಲಿ ಹೇಳಿಸಿಕೊಳ್ಳದೆ ಕೆಲಸ ಮಾಡಿದ್ದು ಅವು ಮಾತ್ರ.

ನಾಯಿಯ ವಿಷಯಕ್ಕೆ ಬರಬೇಕು. ಅದು ಹಂಟವೇ ಜಾತಿ, ನ್ಯೂಜಿಲೆಂಡಿನದ್ದೇ ತಳಿ. ಕಪ್ಪು ಕಂದು ಮೈ, ಕರುವಿನಷ್ಟು ಗಾತ್ರ. ಬೇರೆ ಕೆಲವು ಕುರಿನಾಯಿಗಳು ಸದ್ದಿಲ್ಲದೆ ಗುರಾಯಿಸಿ ಕುರಿ ಓಡಿಸಿದರೆ, ಇದು ಬೊಗಳಿಯೇ ಓಡಿಸುತ್ತೆ. ಹನ್ನೆರಡು ವರ್ಷ ದುಡಿದು ಈಗ ಒಲೆ ಮುಂದೆ ಮಲಗುವ ಭಾಗ್ಯ ಪಡೆದಿತ್ತು. ಇಡೀ ದಿನ ನಿದ್ದೆ. ನಿದ್ದೆಯಲ್ಲಿ ಆಗಾಗ ಬೌ ಅಂದರೆ ನಾನು "ಬಾಯ್ಮುಚ್ಚೋ" ಅನ್ನುತ್ತಿದ್ದೆ. ಮುಚ್ಚುತ್ತಿತ್ತು. ಮನೆಯಲ್ಲಿ ನನ್ನ ಮಾತು ಕೇಳುವವರು ಒಬ್ಬರಾದರೂ ಇದ್ದಾರಲ್ಲ ಅಂತ ನನಗೂ ಖುಷಿ.

ಏಳನೇ ದಿನ ನಮ್ಮವರು ಸಾಮಾನು ತರೋಕೆ ಊರಿಗೆ ಹೋಗಿದ್ದರು. ಗಂಬೂಟು ಒಂದು ಜೊತೆ, ಅವರ ಸೈಜಿನದು, ಅನ್ನೋದು ಪಟ್ಟಿಯಲ್ಲಿ ಮೊದಲು. ನಾನು ನಾಯಿ ಜೊತೆ ಕುರಿ ಎಣಿಸೋಕೆ ಹೋದೆ. ಹದಿನೇಳು. ಮತ್ತೆ ಎಣಿಸಿದೆ. ಹದಿನೇಳೇ. ಹದಿನೆಂಟನೆಯದು ತಗ್ಗಿನಲ್ಲಿ ಅಂಗಾತ ಬಿದ್ದಿತ್ತು, ನಾಲ್ಕೂ ಕಾಲು ಆಕಾಶಕ್ಕೆ. ಬಿಸಿಲು ಕಾಯಿಸ್ತಿದೆ ಅಂದುಕೊಂಡೆ. ಹತ್ತಿರ ಹೋದರೆ ಕಾಲು ಗಾಳಿಯಲ್ಲಿ ಆಡಿಸುತ್ತಿತ್ತು, ಸೈಕಲ್ ತುಳಿದ ಹಾಗೆ. ಕಣ್ಣು ನನ್ನನ್ನೇ ನೋಡುತ್ತಿತ್ತು.

ಅಜ್ಜನಿಗೆ ಫೋನ್ ಹಚ್ಚಿದೆ. ಅಂದು ಬೇರೆ ಅಲ್ಲಿ ಜೋರು ಗಾಳಿ, ಸಿಗ್ನಲ್ ಎರಡು ಕಡ್ಡಿ. ಅಜ್ಜನ ಮಾತು ಬಾವಿಯೊಳಗಿಂದ ಬಂದ ಹಾಗೆ ಕೇಳಿಸಿತು.

"ಕೇಳಿಸ್ತಿಲ್ಲ, ಸ್ಪೀಕ್ ಅಪ್!" ಅಂದೆ.

ಪಕ್ಕದಲ್ಲಿ ಬಾಂಬ್ ಬಿದ್ದ ಹಾಗಾಯಿತು. ನಾಯಿ ಮುಂಗಾಲು ಊರಿ, ಕತ್ತು ಚಾಚಿ ಬೊಗಳೋಕೆ ಶುರು ಮಾಡಿತು. ಹದಿನೇಳು ಬಸುರಿ ಕುರಿಗಳು ಹೊಟ್ಟೆ ಹೊತ್ತು ಮೂಲೆಗೆ ಓಡಿದವು. ಈಗ ಅಜ್ಜನ ದನಿ ಪೂರ್ತಿ ಮುಳುಗಿಹೋಯಿತು. ನಾನು ಇನ್ನೂ ಜೋರಾಗಿ "ಸ್ಪೀಕ್ ಅಪ್! ಸ್ಪೀಕ್ ಅಪ್ ಪ್ಲೀಸ್!" ಅಂತ ಕೂಗಿದೆ. ನಾಯಿ ಇನ್ನೂ ಜೋರಾಗಿ ಬೊಗಳಿತು. ಪ್ಲೀಸ್ ಅಂತ ಕೇಳಿಕೊಂಡವರು ಹನ್ನೆರಡು ವರ್ಷದಲ್ಲಿ ನಾನೇ ಮೊದಲಿರಬೇಕು.

13ನೇ ಪುಟದಲ್ಲಿ ಇತ್ತು. ಈ ನಾಯಿಗೆ "ಗೆಟ್ ಇನ್ ಬಿಹೈಂಡ್" ಅಂದರೆ ಹಿಂದೆ ಬಂದು ನಿಲ್ಲುತ್ತೆ. "ವೇಲೆಗೋ" ಅಂದರೆ ಕುರಿ ಬಿಟ್ಟು ವಾಪಸ್ ಬರುತ್ತೆ. "ಸ್ಪೀಕ್ ಅಪ್" ಅಂದರೆ ಬೊಗಳುತ್ತೆ.

"ಬಾಯ್ಮುಚ್ಚೋ!" ಅಂತ ಚೀರಿದೆ. ಒಮ್ಮೆಲೇ ಮೌನ. ನಾಯಿ ಬಾಯಿ ಮುಚ್ಚಿತು. ಅಜ್ಜನೂ ಸುಮ್ಮನಾದರು, ತಮಗೇ ಅಂದೆ ಅಂದುಕೊಂಡಿರಬೇಕು. ಆಮೇಲೆ ನಿಧಾನವಾಗಿ ಹೇಳಿದರು. ಬಸುರಿ ಕುರಿ, ಮೈತುಂಬ ಉಣ್ಣೆ ಇರುವ ಕುರಿ, ಹೀಗೆ ಅಂಗಾತ ಬಿದ್ದರೆ ತಾನಾಗಿ ಏಳೋಕಾಗಲ್ಲ. ಹೊಟ್ಟೆಯಲ್ಲಿ ಗ್ಯಾಸ್ ತುಂಬಿ ಕೆಲವೇ ಗಂಟೆಯಲ್ಲಿ ಸತ್ತೂ ಹೋಗಬಹುದು. ಉಣ್ಣೆ ಹಿಡಿದು ಮಗ್ಗುಲಿಗೆ ಉರುಳಿಸಿ ಎಬ್ಬಿಸು. ಕೂಡಲೇ ಬಿಡಬೇಡ, ತೂರಾಡಿ ಮತ್ತೆ ಬೀಳುತ್ತೆ, ಕಾಲು ಗಟ್ಟಿಯಾಗುವ ತನಕ ಹಿಡಿದುಕೋ.

ಎರಡೂ ಕೈ ಉಣ್ಣೆಯೊಳಗೆ ಹೂತೆ. ಮೇಲೆ ಒದ್ದೆ, ಒಳಗೆ ಬೆಚ್ಚಗೆ, ಬೆರಳಿಗೆಲ್ಲ ಮೇಣದಂಥ ಜಿಡ್ಡು. ಒಂದು, ಎರಡು, ಮೂರು ಅಂದು ಎಳೆದೆ. ಮೊದಲ ಸಲ ಕುರಿಯ ಬದಲು ನಾನು ಉರುಳಿದೆ. ಎರಡನೇ ಸಲ ಅದು ದಬಕ್ ಅಂತ ಮಗುಚಿ, ಎದ್ದು, ಕುಡುಕನ ಹಾಗೆ ಓಲಾಡಿತು. ಎರಡು ಮೊಣಕಾಲ ನಡುವೆ ಅದನ್ನು ಒತ್ತಿ ಹಿಡಿದು ನಿಂತೆ. ಐದು ನಿಮಿಷ. ಹತ್ತು ನಿಮಿಷ. ಅದು ದೊಡ್ಡದಾಗಿ ತೇಗಿತು. ನನಗೂ ಜೀವ ಬಂತು.

ಅಷ್ಟರಲ್ಲಿ ಕಾರು ಬಂತು. ಹೊಸ ಗಂಬೂಟು ಹಾಕಿಕೊಂಡೇ ಇಳಿದ ನಮ್ಮವರು ಬೇಲಿಯಿಂದ ಎರಡು ಮಾರು ದೂರ ನಿಂತು ನನ್ನನ್ನು ನೋಡಿದರು. ಕೆಸರು ಮೆತ್ತಿದ ಹೆಂಡತಿ, ಕಾಲ ನಡುವೆ ಕುರಿ, ಪಕ್ಕದಲ್ಲಿ ಬಾಯಿ ಮುಚ್ಚಿ ಕೂತ ನಾಯಿ.

"ಎಲ್ಲಿಗೆ ಸವಾರಿ?" ಅಂದರು.

ಉತ್ತರ ಕೊಡಲಿಲ್ಲ. ಅವತ್ತು ರಾತ್ರಿ ಕೂತು ಉಳಿದ ಪುಟಗಳನ್ನೆಲ್ಲ ಓದಿದೆವು. ಉಳಿದಿದ್ದದ್ದು ಮೂರೇ ದಿನ.

ಒಡೆಯರು ವಾಪಸ್ ಬಂದಾಗ ಎಣಿಕೆ ಸರಿ ಇತ್ತು. ಸೊಪ್ಪಿನ ಮಡಿಯ ವಿಷಯ ನಾವೇ ಹೇಳಿದೆವು. ಆಕೆ ನಕ್ಕು ಹಂದಿಯ ಬೆನ್ನು ಕೆರೆದರು. ನಾವು ನಮ್ಮ ದಾರಿ ಹಿಡಿದೆವು.

ತಿಂಗಳಾದ ಮೇಲೆ ಆಕೆಯಿಂದ ಒಂದು ಫೋಟೋ ಬಂತು. ಅದೇ ಸುರುಳಿ ತಂತಿಯ ಪುಸ್ತಕ, ಮುಂದಿನ ಸಲ ಮನೆ ಕಾಯುವವರಿಗೆ ಅಂತ ಹೊಸದಾಗಿ ಸೇರಿಸಿದ ಪುಟ. ಮೊದಲ ಸಾಲು: ಬಟ್ಟೆ ಒಗೆಯುವ ಕೋಣೆಯ ಪೆಟ್ಟಿಗೆ ಟಕ್ ಟಕ್ ಅನ್ನಲೇಬೇಕು, ಆರಿಸಬೇಡಿ. ಎರಡನೇ ಸಾಲು: ನಾಯಿ ಬೊಗಳೋದು ನಿಲ್ಲಿಸದಿದ್ದರೆ "ಬೈ ಮುಚೊ" ಅನ್ನಿ. ಬೇರೆ ಏನು ಹೇಳಿದರೂ ಈಗ ಕೇಳುತ್ತಿಲ್ಲ.